ಮನೆಯ ವಲಸೆ ಕಥೆಯನ್ನು ಕೌದಿಯಲ್ಲಿ ಹೊಲಿಯುವುದು ಹೇಗೆ?

"ನಮ್ಮ ಅಜ್ಜ ಯಾವುದೋ ಊರಿನಿಂದ ಬಂದವರಂತೆ. ಆ ಕಥೆ ಉಳಿಸಬೇಕು ಅಂತ ಆಸೆ. ಆದರೆ ನನಗೆ ಬರೆಯಲು ಬರುವುದಿಲ್ಲ, ಚಿತ್ರ ಬಿಡಿಸಲೂ ಬರುವುದಿಲ್ಲ. ಏನು ಮಾಡಲಿ?" ಓದುಗರು ಇದನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಕೇಳುವವರಲ್ಲಿ ಬೆಂಗಳೂರಿನವರಿದ್ದಾರೆ, ಮುಂಬಯಿಯವರಿದ್ದಾರೆ, ಹೊರದೇಶದಲ್ಲಿ ನೆಲೆಸಿದವರೂ ಇದ್ದಾರೆ. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ನನ್ನ ಸಲಹೆ ಒಂದೇ. ಕೌದಿ ಹೊಲಿಯಿರಿ.

ಕೌದಿ ಅಂದರೆ ಹಳೆಯ ಸೀರೆ, ಪಂಚೆ, ಕುಪ್ಪಸಗಳನ್ನು ಪದರದ ಮೇಲೆ ಪದರ ಇಟ್ಟು, ಮೇಲೆ ಬಣ್ಣಬಣ್ಣದ ತೇಪೆ ಹಾಕಿ, ಕೈಯಲ್ಲೇ ಹೊಲಿಯುವ ಹೊದಿಕೆ. ಉತ್ತರ ಕರ್ನಾಟಕದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಬೇರೆ ಕಡೆಯವರು ಎಷ್ಟೋ ಜನ ನೋಡಿರಲಿಕ್ಕಿಲ್ಲ, ಅದಕ್ಕೇ ಹೇಳಿದೆ.

ಬೇರೆ ಎಲ್ಲ ಬಿಟ್ಟು ಕೌದಿಯೇ ಯಾಕೆ? ಮೊದಲನೆಯದು, ಬೇಕಾದ ಬಟ್ಟೆ ಆಗಲೇ ನಿಮ್ಮ ಮನೆಯ ಟ್ರಂಕಿನಲ್ಲಿದೆ. ಎರಡನೆಯದು ಇದಕ್ಕಿಂತ ದೊಡ್ಡ ಕಾರಣ. ಹಿರಿಯರ ಎದುರು ಮೊಬೈಲು ಹಿಡಿದು "ನಿಮ್ಮ ಜೀವನದ ಬಗ್ಗೆ ಹೇಳಿ" ಎಂದರೆ ಅವರು ಹೇಳುವುದು ಎರಡೇ ಮಾತು: "ಏನು ಹೇಳೋದು ಮಗಾ, ಎಲ್ಲ ದೇವರ ದಯೆ." ಅದೇ ಅವರ ಕೈಗೆ ಮೂವತ್ತು ವರ್ಷದ ಹಿಂದಿನ ಸೀರೆ ಕೊಡಿ. ಯಾವ ಜಾತ್ರೆಯಲ್ಲಿ ಕೊಂಡದ್ದು, ಎಷ್ಟು ಕೊಟ್ಟದ್ದು, ಆ ವರ್ಷ ಮನೆಯಲ್ಲಿ ಯಾರು ತೀರಿಕೊಂಡರು, ಎಲ್ಲ ಬರುತ್ತದೆ. ಕೈಗೆ ಕೆಲಸ ಇದ್ದರೆ ಬಾಯಿ ತಾನಾಗಿ ಬಿಚ್ಚುತ್ತದೆ. ಹಾಗಾಗಿ ಕಥೆ ಎಲ್ಲ ಸಿಕ್ಕಿದ ಮೇಲೆ ಕೌದಿ ಹೊಲಿಯೋಣ ಎಂದು ಕಾಯಬೇಡಿ. ಹೊಲಿಯುತ್ತಾ ಕೂತಾಗಲೇ ಕಥೆ ಸಿಗುವುದು.

ಇದು ಹೊಸ ಉಪಾಯವೇನಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಇರುವ ಸಿದ್ದಿಗಳ ಪೂರ್ವಿಕರು ಆಫ್ರಿಕಾದವರು. ಪೋರ್ಚುಗೀಸರು ಮತ್ತು ಇತರರು ಅವರನ್ನು ಗುಲಾಮರನ್ನಾಗಿ ಗೋವೆಗೆ ತಂದರು. ತಪ್ಪಿಸಿಕೊಂಡ ಎಷ್ಟೋ ಜನ ಘಟ್ಟದ ಕಾಡು ಸೇರಿದರು. ಅವರ ಹೆಂಗಸರು ಹೊಲಿಯುವ ಕೌದಿಗಳು ಇಂದು ಹೊರದೇಶದ ಕಲಾ ಪ್ರದರ್ಶನಗಳವರೆಗೂ ಹೋಗಿವೆ. ಹಿಂದೆ ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರು ಸುತ್ತುತ್ತಿದ್ದ ಲಂಬಾಣಿಗರ ಕಸೂತಿಯೂ ಹಾಗೆಯೇ. ಸಂಡೂರು ಲಂಬಾಣಿ ಕಸೂತಿಗೆ ಈಗ ಜಿಐ ಟ್ಯಾಗ್ ಇದೆ. ಜಿಐ ಅಂದರೆ ಒಂದು ವಸ್ತು ಇಂಥ ಊರಿನದೇ ಎಂದು ಸರ್ಕಾರ ಕೊಡುವ ಗುರುತು. ದೂರದ ಉದಾಹರಣೆ ಬೇಕೆಂದರೆ, 1975ರ ನಂತರ ಲಾವೋಸ್ ಬಿಟ್ಟು ಮೆಕಾಂಗ್ ನದಿ ದಾಟಿ ಓಡಿಬಂದ ಮೋಂಗ್ ಜನ ಥಾಯ್ಲೆಂಡಿನ ನಿರಾಶ್ರಿತರ ಶಿಬಿರಗಳಲ್ಲಿ ಕೂತು ಆ ದಾರಿಯನ್ನೇ ಬಟ್ಟೆಯ ಮೇಲೆ ಕಸೂತಿ ಹಾಕಿದರು. ಯುದ್ಧ, ನದಿ, ಶಿಬಿರ, ಎಲ್ಲ ಅದರಲ್ಲಿದೆ.

ಬೇಕಾಗುವ ಸಾಮಾನು

ಮೊದಲ ಸಲ ದೊಡ್ಡ ಕೌದಿಗೆ ಕೈ ಹಾಕಬೇಡಿ. 3 ಅಡಿ ಅಗಲ, 4 ಅಡಿ ಉದ್ದದ್ದು ಸಾಕು. ಮಗುವಿಗೆ ಹೊದಿಸಬಹುದು, ಗೋಡೆಗೂ ಹಾಕಬಹುದು. ಇದಕ್ಕೆ ಬೇಕಾದದ್ದು:

- ಮೆತ್ತಗಾದ ಹಳೆಯ ಹತ್ತಿ ಸೀರೆ ಒಂದು. ತಳಕ್ಕೆ ಮತ್ತು ಒಳಪದರಕ್ಕೆ.
- ತೇಪೆಗೆ ಬೇರೆ ಬೇರೆ ಬಟ್ಟೆ ತುಂಡುಗಳು.
- ದಪ್ಪ ಹತ್ತಿ ದಾರ. ಬಿಳಿ ಒಂದು, ಎದ್ದು ಕಾಣುವ ಬಣ್ಣದ್ದು ಇನ್ನೊಂದು.
- ಕಣ್ಣು ದೊಡ್ಡದಿರುವ ಉದ್ದ ಸೂಜಿಗಳು, ಬೆರಳಿಗೆ ತೊಡುವ ಲೋಹದ ಟೊಪ್ಪಿಗೆ, ಹರಿತವಾದ ಕತ್ತರಿ, ಗುಂಡುಪಿನ್ನು.
- ಮಾತು ರೆಕಾರ್ಡ್ ಮಾಡಲು ಮೊಬೈಲು.
- ಒಂದು ನೋಟ್‌ಬುಕ್.

ಹೊಲಿಗೆ ಯಂತ್ರ ಬೇಡ. ಇದ್ದರೂ ತೆಗೆಯಬೇಡಿ. ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಆ ಸದ್ದಿನಲ್ಲಿ ಯಾರೂ ಮಾತಾಡುವುದಿಲ್ಲ.

1. ಯಾರ ದಾರಿ ಎಂದು ಮೊದಲು ಗೊತ್ತುಮಾಡಿಕೊಳ್ಳಿ

ಇಡೀ ಮನೆತನದ ಚರಿತ್ರೆ ಹೊಲಿಯಲು ಹೊರಟರೆ ಅರ್ಧಕ್ಕೇ ನಿಲ್ಲುತ್ತದೆ. ಒಬ್ಬರನ್ನು ಆರಿಸಿ, ಅಥವಾ ಒಂದು ಪ್ರಯಾಣವನ್ನು ಆರಿಸಿ. ಅಜ್ಜಿ ಊರು ಬಿಟ್ಟದ್ದು. ಇಲ್ಲವೇ ಅಪ್ಪ ಕೆಲಸಕ್ಕೆಂದು ಬಂದದ್ದು.

ಇಲ್ಲಿ ಜಾಸ್ತಿ ಜನ ಎಡವುವುದು ಒಂದೇ ಕಡೆ. "ನಮ್ಮ ಮನೆಯಲ್ಲಿ ಯಾರೂ ವಲಸೆ ಬಂದವರಲ್ಲ, ನಾವು ಇದೇ ಊರಿನವರು" ಎನ್ನುತ್ತಾರೆ. ಹಾಗೆಂದವರ ತಾಯಿ ಎಲ್ಲಿಯವರು ಎಂದು ಕೇಳಿ ನೋಡಿ. ನಮ್ಮ ದೇಶದ ಜನಗಣತಿಯಲ್ಲಿ ಜನ ಊರು ಬದಲಿಸಲು ಅತಿ ದೊಡ್ಡ ಕಾರಣವೆಂದು ಬರುವುದೇ ಮದುವೆ. ಹದಿನೇಳೋ ಹದಿನೆಂಟೋ ವಯಸ್ಸಿಗೆ ತವರು ಬಿಟ್ಟು, ಬೇರೆ ಮಾತು, ಬೇರೆ ಅಡುಗೆ, ಬೇರೆ ದೇವರ ಮನೆಗೆ ಹೊಂದಿಕೊಂಡ ಸೊಸೆಯನ್ನು ಯಾರೂ ವಲಸೆಗಾರ್ತಿ ಎಂದು ಕರೆಯುವುದಿಲ್ಲ. ನನ್ನನ್ನು ಕೇಳಿದರೆ ಮೊದಲ ಕೌದಿ ಅವಳದೇ ಆಗಬೇಕು.

ಉಳಿದಂತೆ ನಮ್ಮ ಕಡೆಯ ದಾರಿಗಳು ಹಲವು. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಪ್ರತಿ ವರ್ಷ ಗುಳೆ ಹೋಗುವವರು, ಅಂದರೆ ಮಳೆ ಕೈಕೊಟ್ಟಾಗ, ಸುಗ್ಗಿ ಮುಗಿದಾಗ ಬೆಂಗಳೂರು, ಮುಂಬಯಿ, ಗೋವೆಗೆ ದುಡಿಯಲು ಹೋಗಿ ಮತ್ತೆ ಊರಿಗೆ ಬರುವವರು. ಕರಾವಳಿಯಿಂದ ಘಟ್ಟ ಹತ್ತಿ ಕಾಫಿ ತೋಟಕ್ಕೆ ಹೋದವರು. ಹಗಲು ಮುಂಬಯಿಯ ಹೋಟೆಲುಗಳಲ್ಲಿ ದುಡಿದು, ರಾತ್ರಿ ಅಲ್ಲಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹುಡುಗರು. ಮುಳುಗಡೆಯವರ ಕಥೆಯಂತೂ ಬೇರೆಯೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಊರುಗಳು ನೀರಿನಡಿ ಹೋದವು. ಅಲ್ಲಿಂದ ಎದ್ದ ಎಷ್ಟೋ ಕುಟುಂಬಗಳಿಗೆ ಇಂದಿಗೂ ಭೂಮಿಯ ಹಕ್ಕುಪತ್ರದ ಗೋಳು ತಪ್ಪಿಲ್ಲ. ಆಲಮಟ್ಟಿಯ ಹಿನ್ನೀರಿನಿಂದ ಹಳೆ ಬಾಗಲಕೋಟೆಯ ಓಣಿಗಳು ಹೋಗಿ, ಜನ ನವನಗರದ ಸೆಕ್ಟರ್ ನಂಬರುಗಳಿಗೆ ಬಂದರು. ಹೊರಗಿನಿಂದ ನಮ್ಮಲ್ಲಿಗೆ ಬಂದವರೂ ಇದ್ದಾರೆ. ಬೈಲಕುಪ್ಪೆ, ಮುಂಡಗೋಡದ ಟಿಬೆಟನ್ನರು, ಸಿಂಧನೂರು ಕಡೆಯ ಆರ್.ಎಚ್. ಕ್ಯಾಂಪುಗಳಿಗೆ, ಅಂದರೆ ಪುನರ್ವಸತಿ ಶಿಬಿರಗಳಿಗೆ ಬಂದ ಪೂರ್ವ ಬಂಗಾಳದ ಕುಟುಂಬಗಳು.

ಇವುಗಳಲ್ಲಿ ನಿಮ್ಮದು ಯಾವುದು ಎಂದು ನೋಟ್‌ಬುಕ್‌ನಲ್ಲಿ ಎರಡೇ ಸಾಲು ಬರೆದುಕೊಳ್ಳಿ. ಯಾರು, ಎಲ್ಲಿಂದ, ಎಲ್ಲಿಗೆ. ಸದ್ಯಕ್ಕೆ ಅಷ್ಟು ಸಾಕು.

2. ಬಟ್ಟೆ ಕೂಡಿಸಿ

ಒಂದು ಭಾನುವಾರ ಟ್ರಂಕು, ಅಟ್ಟ, ಬೀರು ಎಲ್ಲ ತೆಗೆಯಿರಿ. ಹಿರಿಯರನ್ನು ಕೂರಿಸಿಕೊಂಡೇ ತೆಗೆಯಿರಿ. ಇಳಕಲ್ ಸೀರೆಯ ಸೆರಗು, ಗುಳೇದಗುಡ್ಡದ ಖಣ, ಹರಿದ ಪಂಚೆ, ಶಾಲೆಯ ಯೂನಿಫಾರಂ, ಹೋಟೆಲಿನ ಟವೆಲು, ಗಲ್ಫಿನಿಂದ ತಂದ ನೈಲಾನ್ ಸೀರೆ, ಮಗುವಿನ ಕುಲಾವಿ, ಸಿಮೆಂಟಿನ ಕೆಲಸಕ್ಕೆ ಹಾಕುತ್ತಿದ್ದ ಅಂಗಿ. ಚೆಂದ ಇರುವುದನ್ನು ಮಾತ್ರ ಆರಿಸಬೇಡಿ. ಗುಳೆ ಹೋದವರ ಕಥೆಯನ್ನು ರೇಷ್ಮೆಯಲ್ಲಿ ಹೊಲಿದರೆ ಅದು ಸುಳ್ಳು ಕಥೆ ಆಗುತ್ತದೆ.

ದೂರದಲ್ಲಿರುವ ಅಣ್ಣ, ಚಿಕ್ಕಮ್ಮ, ಸೋದರತ್ತೆಯರಿಗೆ ಒಂದೊಂದು ತುಂಡು ಅಂಚೆಯಲ್ಲಿ ಕಳಿಸಲು ಹೇಳಿ. ಅಳತೆ ಮೊದಲೇ ತಿಳಿಸಿ: 7 ಅಂಗುಲ ಚೌಕ, ಒಗೆದದ್ದು, ಜೊತೆಗೆ ಆ ಬಟ್ಟೆ ಯಾರದ್ದು ಎಂಬ ಒಂದು ಚೀಟಿ. ಚೀಟಿ ಇಲ್ಲದೆ ಬಂದ ತುಂಡು ಸುಮ್ನೆ ಬಟ್ಟೆ ಅಷ್ಟೇ. ಫೋನ್ ಮಾಡಿ ಕೇಳಿ ಬರೆದುಕೊಳ್ಳಿ.

ಕೆಲವು ಎಚ್ಚರಿಕೆಗಳು.

ಧಾರೆ ಸೀರೆಯಂಥದ್ದನ್ನು ಕೇಳದೆ ಕತ್ತರಿಸಬೇಡಿ. ಕೇಳಿದ ಮೇಲೂ ಒಳಗೆ ಸಿಕ್ಕಿಸಿಕೊಳ್ಳುವ ತುದಿಯಿಂದ ಅಥವಾ ಆಗಲೇ ಹರಿದ ಜಾಗದಿಂದ ಮಾತ್ರ ತೆಗೆಯಿರಿ. ಕತ್ತರಿಸುವ ಮೊದಲು ಪೂರ್ತಿ ಸೀರೆಯ ಫೋಟೋ ತೆಗೆದಿಡಿ.

ಬಣ್ಣ ಬಿಡುತ್ತದಾ ನೋಡಿ. ಬಿಳಿ ಬಟ್ಟೆಯನ್ನು ಒದ್ದೆ ಮಾಡಿ, ಹಿಂಡಿ, ತುಂಡಿನ ಮೂಲೆಯಲ್ಲಿ ಗಟ್ಟಿಯಾಗಿ ಉಜ್ಜಿ. ಬಿಳಿಗೆ ಬಣ್ಣ ಹತ್ತಿದರೆ ಆ ತುಂಡನ್ನು ಬಣ್ಣ ಹೋಗುವುದು ನಿಲ್ಲುವ ತನಕ ಒಗೆಯಿರಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎನ್ನುವುದನ್ನು ನಂಬಿ ಕೂರಬೇಡಿ.

ಎಲ್ಲ ಬಟ್ಟೆಯನ್ನೂ ಹೊಲಿಯುವ ಮೊದಲೇ ಒಗೆದು ಒಣಗಿಸಿ. ಹತ್ತಿ ಕುಗ್ಗುತ್ತದೆ, ನೈಲಾನ್ ಕುಗ್ಗುವುದಿಲ್ಲ. ಒಗೆಯದೆ ಹೊಲಿದರೆ ಮೊದಲ ಒಗೆತಕ್ಕೇ ಕೌದಿ ಸೊಟ್ಟಗಾಗುತ್ತದೆ.

ಮುಟ್ಟಿದರೆ ಬಿರಿಯುವಷ್ಟು ಹಳೆಯದಾದ ಬಟ್ಟೆಯ ಹಿಂದೆ ಒಂದು ಹತ್ತಿ ತುಂಡು ಕೊಡಿ, ಮೇಲೆ ತೆಳ್ಳನೆಯ ನೆಟ್ ಬಟ್ಟೆ ಹೊದಿಸಿ ಹೊಲಿಯಿರಿ. ನೈಲಾನ್, ಪಾಲಿಯೆಸ್ಟರ್ ತುಂಡುಗಳಿಗೂ ಹಿಂದೆ ಹತ್ತಿ ಇದ್ದರೆ ಜಾರುವುದಿಲ್ಲ.

3. ಬಟ್ಟೆ ಮುಂದಿಟ್ಟುಕೊಂಡು ಮಾತಾಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಇದನ್ನು ಅವಸರದಲ್ಲಿ ಮುಗಿಸಿದರೆ ಮುಂದಿನದೆಲ್ಲ ಬರೀ ಹೊಲಿಗೆ ಕೆಲಸ.

ಮೊದಲು ಒಪ್ಪಿಗೆ ಕೇಳಿ. "ಅಜ್ಜಿ, ನೀವು ಹೇಳೋದನ್ನ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳಲಾ? ನಿಮಗೆ ಬೇಡ ಅನ್ನಿಸಿದ್ದನ್ನ ಅಳಿಸಿಬಿಡ್ತೀನಿ." ಕದ್ದು ರೆಕಾರ್ಡ್ ಮಾಡುವುದು ಬೇಡವೇ ಬೇಡ. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಿಸಿದ ಟವೆಲಿನ ಮೇಲೆ ಅವರ ಹತ್ತಿರ ಇಡಿ. ಫ್ಯಾನು, ಟಿವಿ ಆರಿಸಿ. ಅಷ್ಟಾದರೆ ಧ್ವನಿ ಚೆನ್ನಾಗಿಯೇ ಬರುತ್ತದೆ.

ಆಮೇಲೆ ಒಂದೊಂದೇ ಬಟ್ಟೆ ಕೈಗೆ ಕೊಡಿ. ಪ್ರಶ್ನೆ ಸಣ್ಣದಿರಲಿ, ಮುಟ್ಟಿ ನೋಡುವಂಥದ್ದರ ಬಗ್ಗೆ ಇರಲಿ. ನಿಮ್ಮ ಮನೆಯ ಮಾತಿನಲ್ಲೇ ಕೇಳಿ. ಪುಸ್ತಕದ ಕನ್ನಡದಲ್ಲಿ ಕೇಳಿದರೆ ಅವರೂ ಪುಸ್ತಕದ ಉತ್ತರವನ್ನೇ ಕೊಡುತ್ತಾರೆ.

"ಆಯಿ, ಈ ಸೀರಿ ಯಾವ ಜಾತ್ರ್ಯಾಗ ತಗೊಂಡಿದ್ದಿ?"

"ಅಜ್ಜ, ಊರು ಬಿಡೋವಾಗ ಗಂಟಲ್ಲಿ ಏನೇನಿತ್ತು?"

"ಮನೆ ಬೀಗ ಯಾರ ಕೈಗೆ ಕೊಟ್ರಿ? ದನ ಯಾರಿಗೆ ಬಿಟ್ರಿ?"

"ಹೊಸ ಊರಿಗೆ ಬಂದ ದಿನ ರಾತ್ರಿ ಎಲ್ಲಿ ಮಲಗಿದ್ರಿ? ಯಾರು ಊಟ ಹಾಕಿದ್ರು?"

"ಅಲ್ಲಿ ನಿಮ್ಮನ್ನ ಏನಂತ ಕರೀತಿದ್ರು?"

ಈ ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಮುಂಬಯಿಗೆ ಹೋದವರು ಅಲ್ಲಿ 'ಮದ್ರಾಸಿ' ಅನಿಸಿಕೊಂಡಿರುತ್ತಾರೆ. ಕರಾವಳಿಯಲ್ಲಿ ನಿಂತವರಿಗೆ ಮೇಲಿನವರೆಲ್ಲ 'ಘಟ್ಟದವರು'. ಮುಂಬಯಿಗೆ ಹೋದ ಅದೇ ಮನುಷ್ಯ ಊರಿಗೆ ರಜೆಗೆ ಬಂದರೆ 'ಬೊಂಬಾಯಿಯವ್ರು ಬಂದ್ರು' ಎನ್ನುತ್ತಾರೆ. ಎರಡೂ ಕಡೆ ಹೊರಗಿನವರಾಗಿ ಬದುಕಿದ್ದು ಹೇಗೆ ಎಂಬುದು ಇಂಥ ಹೆಸರುಗಳಲ್ಲಿ ಸಿಗುತ್ತದೆ. "ನಿಮಗೆ ಯಾವುದು ನಿಮ್ಮ ಊರು ಅನ್ನಿಸುತ್ತದೆ?" ಎಂದು ನೇರವಾಗಿ ಕೇಳಿದರೆ ಉತ್ತರ ಬರುವುದಿಲ್ಲ. ಮುಜುಗರ ಆಗುತ್ತದೆ. ಸುತ್ತಿ ಬಳಸಿ ಕೇಳಿ: ಮನೆದೇವರು ಎಲ್ಲಿ, ಮಕ್ಕಳ ಜವುಳ ಎಲ್ಲಿ ತೆಗೆಸಿದ್ದು, ವೋಟು ಎಲ್ಲಿತ್ತು.

ಇಸವಿ ನೆನಪಿಲ್ಲ ಎಂದರೆ ಒತ್ತಾಯಿಸಬೇಡಿ. ಎಲ್ಲರೂ ನೆನಪಿಟ್ಟುಕೊಂಡ ಘಟನೆಯ ಪಕ್ಕ ಇಟ್ಟು ಕೇಳಿ. ಹೈದರಾಬಾದ್ ನಿಜಾಮನ ಕಡೆಯ ರಜಾಕಾರರ ಹಾವಳಿಗೆ ಮೊದಲೋ ಆಮೇಲೋ? ಅದು 1947–48. ಗಾಂಧಿ ಸತ್ತದ್ದು 1948. ದೊಡ್ಡ ಬರಗಾಲ 1972ರದು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದು 1973. ಎಮರ್ಜೆನ್ಸಿ 1975ರಿಂದ 77. ಇಂದಿರಾ ಗಾಂಧಿ ಚಿಕ್ಕಮಗಳೂರಿನಲ್ಲಿ ಚುನಾವಣೆಗೆ ನಿಂತದ್ದು 1978. ಕಪಿಲ್ ದೇವ್ ಕಪ್ ಎತ್ತಿದ್ದು 1983. ಕೆಲವು ಅಜ್ಜಂದಿರು ಸಂವತ್ಸರದ ಹೆಸರು ಹೇಳುತ್ತಾರೆ. ಅದನ್ನೂ ಬರೆದುಕೊಳ್ಳಿ. ಅದೇ ಹೆಸರು ಅರವತ್ತು ವರ್ಷಕ್ಕೊಮ್ಮೆ ಮಾತ್ರ ಬರುವುದರಿಂದ ಪಂಚಾಂಗ ಬಲ್ಲವರು ಇಸವಿ ಹೇಳಿಬಿಡುತ್ತಾರೆ.

1956ಕ್ಕೆ ಮೊದಲಿನ ಕಥೆಯಾದರೆ ಇನ್ನೊಂದು ವಿಷಯ ತಲೆಯಲ್ಲಿರಲಿ. ಆಗ ಧಾರವಾಡ, ವಿಜಾಪುರ ಬೊಂಬಾಯಿಗೆ ಸೇರಿದ್ದವು. ಕಲಬುರಗಿ, ರಾಯಚೂರು, ಬೀದರ್ ಹೈದರಾಬಾದಿಗೆ. ಮಂಗಳೂರು ಮದ್ರಾಸಿಗೆ. ಕೊಡಗು ಬೇರೆಯೇ ರಾಜ್ಯವಾಗಿತ್ತು. "ಮೈಸೂರು ಸೀಮೆಗೆ ಹೋದೆವು" ಎಂದು ಅಜ್ಜಿ ಹೇಳಿದರೆ ಅದು ನಿಜವಾಗಿಯೂ ಇನ್ನೊಂದು ರಾಜ್ಯಕ್ಕೆ ಹೋದ ಮಾತು.

ಒಂದು ಸಲಕ್ಕೆ ಮುಕ್ಕಾಲು ಗಂಟೆ ಸಾಕು. ಮುಗಿದ ಕೂಡಲೇ ರೆಕಾರ್ಡಿಂಗಿಗೆ ತಾರೀಖು, ಹೆಸರು ಹಾಕಿ, ಇನ್ನೊಂದು ಕಡೆ ಪ್ರತಿ ಇಡಿ. ಮೊಬೈಲಿನಲ್ಲಿ ಮಾತ್ರ ಇದ್ದದ್ದು ಮೊಬೈಲಿನ ಜೊತೆಗೇ ಹೋಗುತ್ತದೆ.

ತಡೆಯಬೇಕಾದ ಆಸೆಯೂ ಒಂದಿದೆ. ಹಿರಿಯರು "ಊರು ಬಿಟ್ಟದ್ದೇ ಒಳ್ಳೇದಾಯ್ತು" ಎಂದಾಗ ನಮಗೆ ಒಂದು ಥರ ನಿರಾಶೆ ಆಗುತ್ತದೆ. ಹಳ್ಳಿ ಅಂದರೆ ಮಾವಿನ ಮರ, ಬಾವಿಕಟ್ಟೆ ಅಂದುಕೊಂಡು ಕೂತಿರುತ್ತೇವೆ ಅಲ್ವಾ. ಆದರೆ ಅದೇ ಬಾವಿಯಿಂದ ನೀರು ಸೇದಲು ಬಿಡದ ಕಾರಣಕ್ಕೆ ಊರು ಬಿಟ್ಟವರಿದ್ದಾರೆ. ಸಾಲಕ್ಕೆ ಹೆದರಿ, ಇಷ್ಟಪಟ್ಟವರ ಜೊತೆ, ಗಂಡನ ಹೊಡೆತ ತಾಳದೆ ರಾತ್ರೋರಾತ್ರಿ ಬಸ್ಸು ಹತ್ತಿದವರಿದ್ದಾರೆ. ಊರು ಬಿಟ್ಟದ್ದು ಅವರಿಗೆ ಬಿಡುಗಡೆ. ನಿಮ್ಮ ಕನಸಿನ ಹಳ್ಳಿಯನ್ನು ಅವರ ಬಾಯಲ್ಲಿ ಹೇಳಿಸಲು ಹೋಗಬೇಡಿ.

4. ಯಾವುದನ್ನು ಹೊಲಿಯುವುದು, ಯಾವುದನ್ನು ಬಿಡುವುದು

ಕೌದಿ ನಾಲ್ಕು ಜನ ನೋಡುವ ವಸ್ತು. ಆಸ್ತಿ ಜಗಳ, ಮನೆಯವರಿಗೇ ಗೊತ್ತಿಲ್ಲದ ಮದುವೆ, ಜಾತಿಯ ಅವಮಾನ, ಯಾರದೋ ಸಾವು, ಇವೆಲ್ಲ ಮಾತಿನ ಮಧ್ಯೆ ಬಂದೇ ಬರುತ್ತವೆ. ಹೇಳಿದವರನ್ನು ಎರಡು ಸಲ ಕೇಳಿ. ಹೇಳಿದ ದಿನ ಒಮ್ಮೆ, ತೇಪೆ ಜೋಡಿಸಿ ತೋರಿಸುವಾಗ ಇನ್ನೊಮ್ಮೆ. ಎರಡನೇ ಸಲ ಬೇಡ ಎಂದರೆ ಬೇಡ. ಚರ್ಚೆ ಇಲ್ಲ.

ಹಳೆಯ ಪಹಣಿ, ಮುಳುಗಡೆ ನೋಟಿಸು, ಇನ್‌ಲ್ಯಾಂಡ್ ಲೆಟರು ಸಿಕ್ಕರೆ ಮೂಲವನ್ನು ಹೊಲಿಯಬೇಡಿ. ಸ್ಕ್ಯಾನ್ ಮಾಡಿ ಬಟ್ಟೆಯ ಮೇಲೆ ಮುದ್ರಿಸಬಹುದು. ಟೀ ಶರ್ಟ್ ಮೇಲೆ ಚಿತ್ರ ಹಾಕಿಕೊಡುವ ಅಂಗಡಿಯವರು ಮಾಡಿಕೊಡುತ್ತಾರೆ. ಅವರು 'ಸಬ್ಲಿಮೇಷನ್' ಎಂದರೆ, ಅಂದರೆ ಬಿಸಿಯಲ್ಲಿ ಒತ್ತಿ ಬಣ್ಣ ಇಳಿಸುವ ವಿಧಾನ ಎಂದರೆ, ಅದು ಪಾಲಿಯೆಸ್ಟರ್ ಮೇಲೆ ಮಾತ್ರ ನಿಲ್ಲುತ್ತದೆ. ಹತ್ತಿ ಬಟ್ಟೆ ಕೊಟ್ಟರೆ ಒಗೆತಕ್ಕೆ ಹೋಗುತ್ತದೆ. ಮೊದಲೇ ಕೇಳಿಕೊಳ್ಳಿ. ಆಧಾರ್, ಸರ್ವೆ ನಂಬರು, ಫೋನ್ ನಂಬರು ಕಾಣದ ಹಾಗೆ ಮುಚ್ಚಿಸಿ.

5. ಜೋಡಣೆ

ಎಲ್ಲ ತುಂಡುಗಳನ್ನೂ ನೆಲದ ಮೇಲೆ ಹರಡಿ. 6 ಅಂಗುಲದ ಚೌಕಗಳಾದರೆ ಅಡ್ಡಕ್ಕೆ 6, ಉದ್ದಕ್ಕೆ 8, ಒಟ್ಟು 48 ತೇಪೆ ಹಿಡಿಸುತ್ತವೆ. ಎಲ್ಲ ಒಂದೇ ಅಳತೆ ಇರಬೇಕೆಂದಿಲ್ಲ. ಸಣ್ಣದು ದೊಡ್ಡದು ಸೇರಿದರೇ ಕೌದಿ ಚೆಂದ.

ಜೋಡಣೆಗೆ ನನಗೆ ಹಿಡಿಸಿದ ದಾರಿ ಇದು. ನಾಲ್ಕು ಮೂಲೆಗೆ ನಾಲ್ವರು: ಅಪ್ಪನ ಅಪ್ಪ, ಅಪ್ಪನ ಅಮ್ಮ, ಅಮ್ಮನ ಅಪ್ಪ, ಅಮ್ಮನ ಅಮ್ಮ. ಪ್ರತಿ ಮೂಲೆಯಲ್ಲೂ ಅವರವರ ಊರಿನ ಬಟ್ಟೆ. ಅಲ್ಲಿಂದ ಒಳಗೆ ಬರುತ್ತಾ ಬರುತ್ತಾ ಅವರು ನಿಂತ ಊರುಗಳು, ಹುಟ್ಟಿದ ಮಕ್ಕಳು. ನಡುವೆ ಈಗಿನ ಮನೆ. ಸಿದ್ದಿ ಹೆಂಗಸರು ಹೊಲಿಯುವುದೂ ಹೊರಗಿನಿಂದ ಒಳಕ್ಕೇ. ಒಂದು ಮೂಲೆಯಲ್ಲಿ ಶುರು ಮಾಡಿ, ಅಂಚಿನ ಗುಂಟ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ಹಾಗಾಗಿ ಜೋಡಣೆಯೂ ಹೊಲಿಗೆಯೂ ಒಂದೇ ದಿಕ್ಕಿನಲ್ಲಿ ಸಾಗುತ್ತವೆ. ಅವರು ಮೂಲೆಗಳಿಗೆ ತುಂಡು ಬಟ್ಟೆಗಳನ್ನು ತ್ರಿಕೋನವಾಗಿ ಮಡಿಸಿ ಹೂವಿನಂತೆ ಇಡುತ್ತಾರೆ, ಅದಕ್ಕೆ ಫೂಲ ಎನ್ನುತ್ತಾರೆ. ನೀವೂ ಹಾಕಬಹುದು. ಯಾರಿಂದ ಕಲಿತದ್ದು ಎಂದು ಹೇಳಿ. ನೀವು ಹೊಲಿದದ್ದನ್ನು 'ಸಿದ್ದಿ ಕೌದಿ' ಎಂದು ಹೆಸರಿಟ್ಟು ಮಾರಲು ಹೋಗಬೇಡಿ. ಅದು ಅವರ ಹೊಟ್ಟೆಪಾಡು.

ಒಬ್ಬ ಅಜ್ಜನ ಮೂಲೆಗೆ ಬಟ್ಟೆಯೇ ಸಿಗಲಿಲ್ಲವೇ? ಅಂಗಡಿಯಿಂದ ತಂದು ತುಂಬಬೇಡಿ. ತಳದ ಸೀರೆಯನ್ನೇ ಖಾಲಿ ಬಿಡಿ. ಅವರ ಬಗ್ಗೆ ಯಾರಿಗೂ ಏನೂ ಗೊತ್ತಿಲ್ಲ ಎನ್ನುವುದೂ ಮನೆಯ ಕಥೆಯೇ.

ಜೋಡಿಸಿದ ಮೇಲೆ ಫೋಟೋ ತೆಗೆಯಿರಿ. ಬೆಕ್ಕೋ ಮಗುವೋ ಓಡಾಡಿದರೆ ಮತ್ತೆ ಜೋಡಿಸಬೇಕಲ್ಲ!

6. ತಳ ಸಿದ್ಧ ಮಾಡುವುದು

ಸೀರೆಯ ಉದ್ದ ಸುಮಾರು ಐದೂವರೆ ಮೀಟರು. ಅದರಿಂದ ಮೂರು ತುಂಡು ಕತ್ತರಿಸಿ. ತಳಕ್ಕೆ 38 ಅಂಗುಲ ಅಗಲ, 50 ಅಂಗುಲ ಉದ್ದದ್ದು ಒಂದು. ಒಳಪದರಕ್ಕೆ 36ಕ್ಕೆ 48ರವು ಎರಡು. ಉಳಿದದ್ದು ತೇಪೆಗೆ ಆಗುತ್ತದೆ. ತಳದ ತುಂಡನ್ನು ನೆಲಕ್ಕೆ ಹಾಸಿ, ಸುಕ್ಕಿಲ್ಲದಂತೆ ಎಳೆದು, ಅದರ ಮೇಲೆ ಎರಡನ್ನೂ ಇಡಿ. ಸುತ್ತ ಒಂದೊಂದು ಅಂಗುಲ ಹೊರಗೆ ಉಳಿಯುತ್ತದೆ. ಅದನ್ನು ಮೇಲಕ್ಕೆ ಮಡಿಚಿದರೆ ಅದೇ ಅಂಚು.

ಪದರಗಳು ಜರುಗದಂತೆ ಅಂಗೈ ಅಗಲಕ್ಕೊಂದರಂತೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ. ಕೊನೆಗೆ ಇದನ್ನು ಬಿಚ್ಚಿ ಎಸೆಯುತ್ತೀರಿ. ಬೆಚ್ಚಗಿರಲಿ ಎಂದು ಇನ್ನೂ ಪದರ ಸೇರಿಸುವ ಆಸೆ ಬರುತ್ತದೆ. ಬೇಡ. ತೇಪೆ ಸೇರಿ ನಾಲ್ಕು ಪದರ ಆಗುತ್ತದೆ, ಹೊಸಬರ ಬೆರಳಿಗೆ ಅಷ್ಟೇ ಸಾಕುಬೇಕು.

7. ಹೊಲಿಗೆ

ತೇಪೆಗಳನ್ನು 7 ಅಂಗುಲಕ್ಕೆ ಕತ್ತರಿಸಿ, ನಾಲ್ಕೂ ಕಡೆ ಅರ್ಧ ಅಂಗುಲ ಒಳಗೆ ಮಡಿಚಿ, ಬೆರಳಲ್ಲಿ ಒತ್ತಿ, ಪಿನ್ನು ಹಾಕಿ. ಮೂಲೆಯಿಂದ ಶುರು ಮಾಡಿ. ಸೂಜಿ ಮೇಲೆ ಕೆಳಗೆ, ಮೇಲೆ ಕೆಳಗೆ, ಅಷ್ಟೇ. ಒಂದು ಹೊಲಿಗೆ ಕಾಲು ಅಂಗುಲ ಇದ್ದರೆ ಸರಿ. ಅಂಚಿನ ಸುತ್ತು ಮುಗಿದ ಮೇಲೆ ಅದಕ್ಕೆ ಸಮನಾಗಿ ಒಳಗೆ ಇನ್ನೊಂದು ಸಾಲು. ಸಾಲು ಸಾಲಿನ ಮಧ್ಯೆ ಒಂದು ಅಂಗುಲಕ್ಕಿಂತ ಜಾಸ್ತಿ ಜಾಗ ಬಿಡಬೇಡಿ, ಒಗೆಯುವಾಗ ಪದರ ಜೋಲುತ್ತದೆ.

ದಾರ ಎರಡು ಮೊಳಕ್ಕಿಂತ ಉದ್ದ ಬೇಡ, ಸಿಕ್ಕಾಗುತ್ತದೆ. ಬಿಗಿಯಾಗಿ ಎಳೆಯಬೇಡಿ, ಕೌದಿ ಮುದುಡುತ್ತದೆ. ಗಂಟನ್ನು ಪದರದ ಒಳಗೆ ಅಡಗಿಸಿ. ಸಾಲು ಸ್ವಲ್ಪ ಅಂಕುಡೊಂಕಾದರೆ ಬಿಚ್ಚಬೇಡಿ.

ಒಬ್ಬರೇ ಹೊಲಿಯಬೇಡಿ ಎನ್ನುವುದೇ ಇಲ್ಲಿ ದೊಡ್ಡ ಮಾತು. ಸಂಜೆ ಹೊತ್ತು ಇಬ್ಬರು ಮೂವರು ಎದುರುಬದುರು ಕೂತು, ಒಬ್ಬೊಬ್ಬರು ಒಂದೊಂದು ಅಂಚು ಹಿಡಿಯಿರಿ. ಕಣ್ಣು ಕಾಣದ ಅಜ್ಜಿಗೆ ದಾರ ಪೋಣಿಸಿ ಕೊಡಿ, ಬೆರಳಿಗೆ ಹೊಲಿಗೆ ಮರೆತಿರುವುದಿಲ್ಲ. ಗಂಡಸರೂ ಕೂರಲಿ. ಮೂರನೇ ಹಂತದಲ್ಲಿ ಬಾರದ ಕಥೆಗಳು ಇಲ್ಲಿ ಬರುತ್ತವೆ, ಆದ್ದರಿಂದ ನೋಟ್‌ಬುಕ್ ಪಕ್ಕದಲ್ಲೇ ಇರಲಿ. ದಿನಕ್ಕೆ ಒಂದು ಗಂಟೆ ಕೂತರೆ ಈ ಅಳತೆಯದ್ದು ಒಂದೆರಡು ತಿಂಗಳ ಕೆಲಸ.

8. ಊರ ಹೆಸರು, ದಾರಿ, ಗುರುತು

ತೇಪೆಗಳೆಲ್ಲ ಕೂತ ಮೇಲೆ ಎದ್ದು ಕಾಣುವ ಬಣ್ಣದ ದಾರ ತೆಗೆದುಕೊಂಡು ಊರಿಂದ ಊರಿಗೆ ದಾರಿ ಎಳೆಯಿರಿ. ಹೋಗಿ ಬಂದು ಮಾಡಿದವರದು ಎರಡು ಗೆರೆ. ಗುಳೆ ಹೋದವರದು ಎಷ್ಟು ಗೆರೆಯೋ, ಅವರನ್ನೇ ಕೇಳಿ.

ಊರ ಹೆಸರನ್ನು ಹೇಳಿದವರ ಬಾಯಿಯಲ್ಲಿ ಬಂದ ಹಾಗೆಯೇ ಬರೆಯಿರಿ. ಹುಬ್ಳಿ, ಬೆಂಗ್ಳೂರು, ಬೊಂಬಾಯಿ. ಪೆನ್ಸಿಲಿನಲ್ಲಿ ದಪ್ಪಗೆ ಬರೆದು, ಒಂದು ಹೆಜ್ಜೆ ಮುಂದೆ ಹೋಗಿ ಅರ್ಧ ಹೆಜ್ಜೆ ಹಿಂದೆ ಬರುವ ಹೊಲಿಗೆ ಹಾಕಿದರೆ ಕನ್ನಡದ ದುಂಡು ಅಕ್ಷರ ಒಡೆಯದೆ ಬರುತ್ತದೆ. ಅಕ್ಷರ ಒಂದು ಅಂಗುಲಕ್ಕಿಂತ ಸಣ್ಣದಾದರೆ ಒತ್ತು, ದೀರ್ಘ ಎಲ್ಲ ಒಂದರ ಮೇಲೊಂದು ಕೂರುತ್ತವೆ.

ಧಾರವಾಡದ ಕಡೆಯ ಕಸೂತಿ ಬಲ್ಲವರಿದ್ದರೆ ತುಳಸಿಕಟ್ಟೆ, ತೇರು, ಗೋಪುರ ಹಾಕಿಸಿಕೊಳ್ಳಿ. ಗಾವಂಟಿ, ಮುರ್ಗಿ ಹೊಲಿಗೆಗಳು ಎರಡೂ ಬದಿ ಒಂದೇ ಥರ ಕಾಣುತ್ತವೆ. ಆದರೆ ಕಸೂತಿಗೆ ನೂಲಿನ ಎಳೆ ಎಣಿಸಬೇಕು, ಆದ್ದರಿಂದ ಅದನ್ನು ಬಿಡಿ ತುಂಡಿನ ಮೇಲೆ ಮೊದಲೇ ಮಾಡಿ ತೇಪೆಯಾಗಿ ಹಾಕಿ. ನಾಲ್ಕು ಪದರದ ಮೇಲೆ ಆಗದ ಕೆಲಸ ಅದು.

9. ಹಿಂಬದಿಯ ಪಟ್ಟಿ ಮತ್ತು ಮುಂದಿನದು

ಕೌದಿಯ ಹಿಂದೆ ಬಿಳಿ ಬಟ್ಟೆಯ ಒಂದು ಪಟ್ಟಿ ಹೊಲಿಯಿರಿ. ಯಾರ ಕಥೆ, ಎಲ್ಲಿಂದ ಎಲ್ಲಿಗೆ, ಹೊಲಿದವರು ಯಾರು, ಯಾವ ವರ್ಷ, ಇಷ್ಟನ್ನು ಅಳಿಸದ ಮಾರ್ಕರಿನಲ್ಲಿ ಬರೆಯಿರಿ. ಕೆಲವರು ರೆಕಾರ್ಡಿಂಗಿನ ಕ್ಯೂಆರ್ ಕೋಡ್ ಮುದ್ರಿಸಿ ಅಂಟಿಸುತ್ತಾರೆ. ಚೆನ್ನಾಗಿಯೇ ಇರುತ್ತದೆ. ಆದರೆ ಆ ಲಿಂಕು ಹತ್ತು ವರ್ಷಕ್ಕೆ ಸಾಯಬಹುದು, ಬರೆದ ಅಕ್ಷರ ಉಳಿಯುತ್ತದೆ. ಯಾವ ತೇಪೆ ಯಾರದ್ದು ಎಂಬ ಪಟ್ಟಿಯನ್ನು ಬೇರೆ ಕಾಗದದಲ್ಲಿ ಬರೆದು ಪ್ರತಿ ಮನೆಗೂ ಕಳಿಸಿ.

ಒಗೆಯುವುದು ಕೈಯಲ್ಲಿ, ತಣ್ಣೀರಿನಲ್ಲಿ, ಹಿಂಡದೆ. ನೆನೆದ ಕೌದಿ ಸಿಕ್ಕಾಪಟ್ಟೆ ಭಾರ, ಹಗ್ಗಕ್ಕೆ ಜೋತುಹಾಕಿದರೆ ಹೊಲಿಗೆ ಎಳೆಯುತ್ತದೆ. ನೆರಳಿನಲ್ಲಿ ಹಾಸಿ ಒಣಗಿಸಿ. ಎತ್ತಿಡುವಾಗ ಪ್ಲಾಸ್ಟಿಕ್ ಚೀಲ ಬೇಡ, ಹಳೆಯ ಪಂಚೆಯಲ್ಲಿ ಸುತ್ತಿ. ಆಗಾಗ ಮಡಿಕೆ ಬದಲಿಸಿ. ಗೋಡೆಗೆ ಹಾಕುವುದಾದರೆ ಹಿಂದೆ ಮೇಲಂಚಿಗೆ ಬಟ್ಟೆಯ ಕೊಳವೆ ಹೊಲಿದು ಕೋಲು ತೂರಿಸಿ. ಮೊಳೆ, ಕ್ಲಿಪ್ಪು ಬೇಡ. ನನ್ನ ಮಟ್ಟಿಗೆ ಗೋಡೆಗಿಂತ ಹೊದೆಯುವುದೇ ಮೇಲು. ಹರಿದರೆ ಅಲ್ಲೊಂದು ಹೊಸ ತೇಪೆ ಹಾಕಿದರಾಯಿತು. ಅದಕ್ಕೆಂದೇ ಉಳಿದ ತುಂಡುಗಳನ್ನು ಒಂದು ಚೀಲದಲ್ಲಿ ಹೆಸರು ಬರೆದು ಇಟ್ಟುಕೊಳ್ಳಿ.

ಕೊನೆಯದಾಗಿ, ಕೌದಿ ಯಾರ ಮನೆಯಲ್ಲಿ ಇರಬೇಕು ಎನ್ನುವುದನ್ನು ಹೊಲಿಯಲು ಕೂರುವ ಮೊದಲೇ ಮಾತಾಡಿಕೊಳ್ಳಿ. ಮುಗಿದ ಮೇಲೆ ಎಲ್ಲರಿಗೂ ಬೇಕಾಗುತ್ತದೆ. ಅಣ್ಣತಮ್ಮಂದಿರು, ಅಕ್ಕತಂಗಿಯರ ನಡುವೆ ಮುನಿಸು ಶುರುವಾಗುತ್ತದೆ. ಕಥೆ ಯಾರದ್ದೋ ಅವರು ಇರುವ ತನಕ ಅವರ ಹಾಸಿಗೆಯ ಮೇಲೆ. ಆಮೇಲೆ ಯಾರಿಗೆ ಎಂದು ಅವರೇ ಹೇಳಲಿ, ಮತ್ತು ಆ ಹೆಸರನ್ನು ಹಿಂಬದಿಯ ಪಟ್ಟಿಯಲ್ಲೇ ಬರೆದುಬಿಡಿ.